ಕೈಗವಸು ತೊಟ್ಟ ಕರುಣೆ

ರೋಗಿಗಳನ್ನು ಸಂದರ್ಶಿಸುವುದು ಕರುಣೆಯ ಕಾರ್ಯಗಳಲ್ಲಿ ಒಂದೆಂದು ನಮ್ಮ ಮಕ್ಕಳು ಧರ್ಮೋಪದೇಶದ ತರಗತಿಯಲ್ಲಿ ಕಲಿಯುತ್ತಾರೆ. ಹಸಿದವನಿಗೆ ಅನ್ನ, ಬಾಯಾರಿದವನಿಗೆ ನೀರು, ಬಟ್ಟೆಯಿಲ್ಲದವನಿಗೆ ಬಟ್ಟೆ ಕೊಡುವುದರ ಸಾಲಿನಲ್ಲಿಯೇ ಅದನ್ನೂ ಎಣಿಸಲಾಗಿದೆ. ಆದರೆ ಈ ಕಾರ್ಯಗಳ ನಡುವೆ ಒಂದು ಭೇದವಿದೆ. ಹಸಿದವನಿಗೆ ಅನ್ನವಿಕ್ಕಿದ ಕೈಗೆ ಹಸಿವು ಅಂಟಿಕೊಳ್ಳುವುದಿಲ್ಲ. ಬಾಯಾರಿದವನಿಗೆ ನೀರು ಕೊಟ್ಟವನ ಗಂಟಲು ಅದರಿಂದ ಒಣಗುವುದಿಲ್ಲ. ರೋಗಿಯ ಹಣೆ ಒರೆಸಿದ ಕೈಗೆ ಮಾತ್ರ ರೋಗವೂ ಅಂಟಬಹುದು. ಈ ಒಂದು ಕರುಣೆಯ ಕಾರ್ಯದಲ್ಲಿ ಕೊಡುವವನು ತನ್ನಲ್ಲಿರುವುದನ್ನಷ್ಟೇ ಅಲ್ಲ, ತನ್ನನ್ನೇ ಪಣಕ್ಕಿಡುತ್ತಾನೆ.

ನಮ್ಮ ಧರ್ಮಕೇಂದ್ರಗಳ ಅದೆಷ್ಟೋ ಮನೆಗಳಿಂದ ಹೆಣ್ಣುಮಕ್ಕಳು, ಈಗೀಗ ಗಂಡುಮಕ್ಕಳೂ, ಶುಶ್ರೂಷೆಯ ವೃತ್ತಿಗೆ ಹೋಗಿದ್ದಾರೆ. ಮಂಗಳೂರು ಬೆಂಗಳೂರುಗಳಲ್ಲಿ, ಕೊಲ್ಲಿ ರಾಷ್ಟ್ರಗಳಲ್ಲಿ, ಯೂರೋಪಿನ ನಗರಗಳಲ್ಲಿ ಅವರು ರಾತ್ರಿ ಪಾಳಿ ಮಾಡಿ ಕಳುಹಿಸಿದ ಹಣದಿಂದ ಇಲ್ಲಿ ಮನೆಗಳೆದ್ದಿವೆ, ತಮ್ಮಂದಿರ ಓದು ಮುಗಿದಿದೆ. 2020ರಲ್ಲಿ ಕೊರೋನಾ ಬಂದಾಗ ದೇಶವೆಲ್ಲ ಅವರಿಗಾಗಿ ಚಪ್ಪಾಳೆ ತಟ್ಟಿತು. ಅದೇ ವಾರಗಳಲ್ಲಿ ದೇಶದ ಹಲವೆಡೆ ದಾದಿಯರಿಗೆ ಬಾಡಿಗೆ ಮನೆ ತೆರವು ಮಾಡುವಂತೆ ಹೇಳಲಾಯಿತು. ಹೊಗಳಿಕೆಯೂ ಹೆದರಿಕೆಯೂ ಒಂದೇ ಸಮಾಜದ ಬಾಯಿಂದ ಬಂದವು. ಹಾಗಾದರೆ ಸಾಂಕ್ರಾಮಿಕದ ನಡುವೆ ಶುಶ್ರೂಷೆ ಮಾಡುವವರ ಕರ್ತವ್ಯವೇನು? ಅವರ ವಿಷಯದಲ್ಲಿ ಉಳಿದ ನಮ್ಮೆಲ್ಲರ ಕರ್ತವ್ಯವೇನು? ಮೊದಲನೆಯ ಪ್ರಶ್ನೆಯನ್ನು ನಾವು ಬಹಳ ಕೇಳಿದ್ದೇವೆ, ಎರಡನೆಯದನ್ನು ಕಡಿಮೆ.

ಉತ್ತರ ಹುಡುಕಲು ನಾವು ಆಫ್ರಿಕಾ ಖಂಡದತ್ತ ನೋಡಬೇಕಾಗಿದೆ. ಎಬೋಲಾ ಎಂಬ ರೋಗವು ಈ ಎರಡೂ ಪ್ರಶ್ನೆಗಳನ್ನು ಯಾವ ಮುಸುಕೂ ಇಲ್ಲದೆ ಮುಂದಿಟ್ಟದ್ದು ಅಲ್ಲಿ. ಆ ಕಥೆಯ ಮುಖ್ಯ ಅಧ್ಯಾಯಗಳು ನಡೆದದ್ದು ನಮ್ಮ ಶ್ರೀಸಭೆಯ ಆಸ್ಪತ್ರೆಗಳಲ್ಲಿ, ಧರ್ಮಭಗಿನಿಯರ ನಡುವೆ.

ಸ್ಪರ್ಶದ ದಾರಿ

ಎಬೋಲಾ ರೋಗವು ನೆಗಡಿಯಂತೆ ಗಾಳಿಯಲ್ಲಿ ಹರಡುವುದಿಲ್ಲ. ರೋಗಿಯ ರಕ್ತ, ವಾಂತಿ, ಭೇದಿ ಮೊದಲಾದ ದೇಹದ್ರವಗಳನ್ನು ಮುಟ್ಟಿದ ಕೈ ಕಣ್ಣಿಗೋ ಬಾಯಿಗೋ ಗಾಯಕ್ಕೋ ತಾಗಿದಾಗ ಅದು ಒಳಹೊಗುತ್ತದೆ. ರೋಗ ಉಲ್ಬಣಿಸಿದಷ್ಟೂ ರೋಗಿಯ ದೇಹದಲ್ಲಿ ವೈರಾಣುಗಳು ಹೆಚ್ಚುತ್ತವೆ, ಮರಣದ ಕ್ಷಣದಲ್ಲಿ ಅವು ಅತ್ಯಧಿಕವಾಗಿರುತ್ತವೆ. ಆದುದರಿಂದ ಅದಕ್ಕೆ ಮೊದಲು ತುತ್ತಾಗುವವರು ಯಾರು? ಮಗುವನ್ನು ಮಡಿಲಲ್ಲಿಟ್ಟುಕೊಂಡ ತಾಯಿ, ಗಂಡನ ವಾಂತಿ ಬಳಿದ ಹೆಂಡತಿ, ಶವಕ್ಕೆ ಸ್ನಾನ ಮಾಡಿಸಿದ ಬಂಧು, ಹಾಸಿಗೆಯ ಪಕ್ಕದಲ್ಲಿ ನಿಂತ ದಾದಿ. ಪ್ರೀತಿ ಯಾವ ದಾರಿಯಲ್ಲಿ ನಡೆಯುತ್ತದೆಯೋ ಅದೇ ದಾರಿಯಲ್ಲಿ ಈ ರೋಗವೂ ನಡೆಯುತ್ತದೆ.

ಈ ರೋಗ ಮೊದಲು ಗುರುತಾದದ್ದು 1976ರಲ್ಲಿ. ಆಗ ಜೈರೆ ಎಂಬ ಹೆಸರಿದ್ದ, ಇಂದಿನ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ ಉತ್ತರ ಭಾಗದಲ್ಲಿ ಯಾಂಬುಕು ಎಂಬ ಊರಿದೆ. ಅಲ್ಲಿ ಬೆಲ್ಜಿಯಂ ದೇಶದ ಧರ್ಮಭಗಿನಿಯರು 120 ಹಾಸಿಗೆಗಳ ಮಿಷನ್ ಆಸ್ಪತ್ರೆಯೊಂದನ್ನು ನಡೆಸುತ್ತಿದ್ದರು. ಸುತ್ತಲಿನ ಹಳ್ಳಿಗಳ ಬಡವರಿಗೆ ಅದೇ ಆಸರೆ. ಆ ಆಸ್ಪತ್ರೆಯಲ್ಲಿ ಪ್ರತಿ ಬೆಳಿಗ್ಗೆ ಇಡೀ ದಿನದ ಕೆಲಸಕ್ಕಾಗಿ ಐದು ಸಿರಿಂಜುಗಳನ್ನು ಕೊಡಲಾಗುತ್ತಿತ್ತು. ಒಬ್ಬ ರೋಗಿಗೂ ಮತ್ತೊಬ್ಬ ರೋಗಿಗೂ ನಡುವೆ ಅವುಗಳನ್ನು ನೀರಿನಲ್ಲಿ ತೊಳೆಯುತ್ತಿದ್ದರು, ಅಷ್ಟೆ. ಚುಚ್ಚುಮದ್ದಿನ ಮೂಲಕ ರೋಗ ಹರಡಿತು. ಒಟ್ಟು 318 ಮಂದಿಗೆ ರೋಗ ತಗುಲಿ 280 ಮಂದಿ ಮಡಿದರು. ಆಸ್ಪತ್ರೆಯ 17 ಸಿಬ್ಬಂದಿಯಲ್ಲಿ 11 ಮಂದಿ ಸತ್ತರು. ಸೆಪ್ಟೆಂಬರ್ ಕೊನೆಗೆ ಆಸ್ಪತ್ರೆ ಮುಚ್ಚಿತು. ಆ ಭಗಿನಿಯರಲ್ಲಿ ಪ್ರೀತಿಯ ಕೊರತೆಯಿರಲಿಲ್ಲ, ತಮ್ಮ ಜೀವವನ್ನೂ ಅವರು ಅಲ್ಲಿಯೇ ಇಟ್ಟರು. ಆದರೆ ಬಡ ಆಸ್ಪತ್ರೆಯ ಆ ಐದು ಸಿರಿಂಜುಗಳು ಪ್ರೀತಿಯ ಕೈಯನ್ನೇ ಮೃತ್ಯುವಿನ ವಾಹಕವಾಗಿಸಿದವು.

ಆ ಭಗಿನಿಯರಲ್ಲಿ ಇಬ್ಬರನ್ನು ಚಿಕಿತ್ಸೆಗಾಗಿ ರಾಜಧಾನಿ ಕಿನ್ಶಾಸಾಕ್ಕೆ ಕರೆತರಲಾಯಿತು. ಅಲ್ಲಿ ಅವರ ಶುಶ್ರೂಷೆಯಲ್ಲಿ ತೊಡಗಿದ್ದ ಮಯಿಂಗಾ ಎಂಬ ತರುಣ ದಾದಿಗೂ ರೋಗ ತಗುಲಿತು, ಆಕೆಯೂ ಬದುಕುಳಿಯಲಿಲ್ಲ. ಆಕೆಯ ರಕ್ತದಿಂದ ಬೇರ್ಪಡಿಸಿದ ವೈರಾಣುವಿನ ತಳಿಯನ್ನು ವಿಜ್ಞಾನಿಗಳು ಇಂದಿಗೂ ಆಕೆಯ ಹೆಸರಿನಿಂದಲೇ ಕರೆಯುತ್ತಾರೆ.

ಕಿಕ್ವಿಟ್‌ನ ಆರು ಭಗಿನಿಯರು

ಹತ್ತೊಂಬತ್ತು ವರ್ಷಗಳ ಅನಂತರ, 1995ರಲ್ಲಿ, ಅದೇ ದೇಶದ ಕಿಕ್ವಿಟ್ ನಗರದಲ್ಲಿ ರೋಗ ಮತ್ತೆ ಕಾಣಿಸಿತು. ಏಪ್ರಿಲ್ ತಿಂಗಳಲ್ಲಿ ಆಸ್ಪತ್ರೆಯ ಪ್ರಯೋಗಾಲಯದ ನೌಕರನೊಬ್ಬನಿಗೆ ಟೈಫಾಯ್ಡ್‌ನಿಂದ ಕರುಳು ತೂತಾಗಿರಬಹುದೆಂದು ಭಾವಿಸಿ ಹೊಟ್ಟೆಯ ಶಸ್ತ್ರಚಿಕಿತ್ಸೆ ಮಾಡಲಾಯಿತು. ಅದು ಎಬೋಲಾ ಆಗಿತ್ತು. ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿದ್ದವರು ಒಬ್ಬೊಬ್ಬರಾಗಿ ಹಾಸಿಗೆ ಹಿಡಿದರು.

ಇಟಲಿಯ ಬೆರ್ಗಾಮೊ ನಗರದಲ್ಲಿ ಬಡವರ ಸೇವೆಗಾಗಿ ಸ್ಥಾಪಿತವಾದ ಸಭೆಯೊಂದರ ಭಗಿನಿಯರು ಅಲ್ಲಿ ದಾದಿಯರಾಗಿ, ಸೂಲಗಿತ್ತಿಯರಾಗಿ ಕೆಲಸ ಮಾಡುತ್ತಿದ್ದರು. ಭಗಿನಿ ಫ್ಲೊರಾಲ್ಬಾ ರೋಂಡಿ ಏಪ್ರಿಲ್ 25ರಂದು ತೀರಿಕೊಂಡರು. ಅವರ ಶುಶ್ರೂಷೆಗೆ ನಿಂತವರಿಗೆ ರೋಗ ತಗುಲಿತು. ಅವರ ಶುಶ್ರೂಷೆಗೆಂದು ಬೇರೆ ಊರುಗಳಿಂದ ಧಾವಿಸಿ ಬಂದವರಿಗೂ ತಗುಲಿತು. ಕ್ಲಾರಾಂಜೆಲಾ ಗಿಲಾರ್ದಿ, ದಾನಿಯೆಲಾಂಜೆಲಾ ಸೋರ್ತಿ, ದಿನಾರೋಜಾ ಬೆಲ್ಲೆರಿ, ಆ ಪ್ರಾಂತ್ಯದ ಮುಖ್ಯಸ್ಥೆಯಾಗಿದ್ದ ಅನ್ನೆಲ್ವಿರಾ ಓಸ್ಸೊಲಿ, ಕೊನೆಗೆ ಮೇ 28ರಂದು ವಿತಾರೋಜಾ ಜೋರ್ಜಾ ತೀರಿಕೊಂಡರು. ಸುಮಾರು ಒಂದು ತಿಂಗಳಲ್ಲಿ ಆರು ಸಮಾಧಿಗಳು. 2021ರಲ್ಲಿ ಜಗದ್ಗುರು ಫ್ರಾನ್ಸಿಸ್ ಅವರು ಈ ಆರು ಮಂದಿಯ ವೀರೋಚಿತ ಸದ್ಗುಣಗಳನ್ನು ಮಾನ್ಯ ಮಾಡಿ 'ಪೂಜ್ಯರು' ಎಂಬ ಗೌರವವನ್ನಿತ್ತರು. ಅದು ಯೋಗ್ಯವಾದ ಗೌರವ.

ಆದರೆ ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ಅರ್ಧವನ್ನಷ್ಟೇ ಹೇಳಿದಂತಾಗುತ್ತದೆ. ಕಿಕ್ವಿಟ್‌ನಲ್ಲಿ ರೋಗ ತಗುಲಿದ 315 ಮಂದಿಯಲ್ಲಿ 80 ಮಂದಿ ಆರೋಗ್ಯ ಸೇವಕರು, ಅಂದರೆ ನಾಲ್ವರಲ್ಲಿ ಒಬ್ಬರು. ಅವರಲ್ಲಿ ಬಹುಮಂದಿ ಆ ನಾಡಿನವರೇ ಆದ ದಾದಿಯರು, ಸಹಾಯಕರು. ಅವರ ಹೆಸರುಗಳು ನಮ್ಮ ತನಕ ಬಂದಿಲ್ಲ. ಮೇ ತಿಂಗಳ ಮಧ್ಯಭಾಗದಲ್ಲಿ ಹೊರಗಿನಿಂದ ನೆರವು ಬಂದು, ದಾದಿಯರಿಗೆ ಕೈಗವಸು, ಮುಖಗವಸು, ಮೇಲುಡುಪುಗಳು ದೊರೆತವು. ರೋಗಿಗಳನ್ನು ಪ್ರತ್ಯೇಕಿಸಿ ಶುಶ್ರೂಷೆ ಮಾಡುವ ಕ್ರಮವನ್ನು ಅವರಿಗೆ ಕಲಿಸಲಾಯಿತು. ಅಂದಿನಿಂದ ಸಿಬ್ಬಂದಿಗೆ ರೋಗ ತಗುಲುವುದು ಬಹುಮಟ್ಟಿಗೆ ನಿಂತೇಹೋಯಿತು. ವೈರಾಣು ಬದಲಾಗಿರಲಿಲ್ಲ, ಔಷಧವೂ ಬಂದಿರಲಿಲ್ಲ. ಬಂದದ್ದು ಕೈಗವಸು ಮತ್ತು ಶಿಸ್ತು.

ಪ್ರಿಯ ಓದುಗರೇ, ಈ ಒಂದು ಸಂಗತಿಯ ಮುಂದೆ ನಾವು ಸ್ವಲ್ಪ ಹೊತ್ತು ನಿಲ್ಲಬೇಕು. ಸಂತರ ಮರಣವನ್ನು ಸ್ಮರಿಸುವಾಗ ಅದು ದೈವೇಚ್ಛೆಯೆಂದು ಹೇಳಿ ಮುಂದೆ ಸಾಗುವುದು ಸುಲಭ. ಆದರೆ ಒಂದು ಪೆಟ್ಟಿಗೆ ಕೈಗವಸು ಒಂದು ತಿಂಗಳು ಮೊದಲೇ ಬಂದಿದ್ದರೆ ತಪ್ಪಬಹುದಾಗಿದ್ದ ಮರಣಗಳ ಹೊಣೆಯನ್ನು ದೇವರ ಮೇಲೆ ಹೊರಿಸುವುದು ಭಕ್ತಿಯಲ್ಲ.

ವಿವೇಕವೆಂಬ ಸದ್ಗುಣ

ಧೈರ್ಯವೂ ಪ್ರೀತಿಯೂ ಇದ್ದರೆ ಸಾಕು, ರಕ್ಷಣೆಯ ನಿಯಮಗಳು ಅಲ್ಪವಿಶ್ವಾಸಿಗಳಿಗೆ ಎಂಬ ಭಾವನೆ ಭಕ್ತರಲ್ಲಿ ಅಲ್ಲಲ್ಲಿ ಇದೆ. ಶ್ರೀಸಭೆಯ ತತ್ತ್ವಶಾಸ್ತ್ರ ಪರಂಪರೆ ಇದನ್ನು ಒಪ್ಪುವುದಿಲ್ಲ. ಸಂತ ಥಾಮಸ್ ಅಕ್ವಿನಾಸರು ವಿವೇಕ, ನ್ಯಾಯ, ಧೈರ್ಯ, ಸಂಯಮವೆಂಬ ನಾಲ್ಕು ಮೂಲ ಸದ್ಗುಣಗಳಲ್ಲಿ ವಿವೇಕಕ್ಕೇ ಮೊದಲ ಸ್ಥಾನವನ್ನು ಕೊಟ್ಟರು. ವಿವೇಕವಿಲ್ಲದ ಧೈರ್ಯವು ಕಡಿವಾಣವಿಲ್ಲದ ಕುದುರೆಯಂತೆ, ಓಟವೇನೋ ಇರುತ್ತದೆ, ಗುರಿಯಿರುವುದಿಲ್ಲ. ಕೈಗವಸು ತೊಡುವುದು ರೋಗಿಯಿಂದ ದೂರ ಸರಿಯುವುದಲ್ಲ, ರೋಗಿಯ ಬಳಿಯಲ್ಲಿ ನಾಳೆಯೂ ನಾಡಿದ್ದೂ ನಿಲ್ಲಲು ಮಾಡಿಕೊಳ್ಳುವ ಸಿದ್ಧತೆ. ಒಬ್ಬ ದಾದಿ ಮಲಗಿದರೆ ಒಬ್ಬಾಕೆಯ ಜೀವವಷ್ಟೇ ಅಲ್ಲ, ಆಕೆ ನೋಡಿಕೊಳ್ಳಬೇಕಾಗಿದ್ದ ಹತ್ತಾರು ಹಾಸಿಗೆಗಳೂ ಅನಾಥವಾಗುತ್ತವೆ.

ಎಬೋಲಾ ಚಿಕಿತ್ಸಾ ಕೇಂದ್ರದಲ್ಲಿ ಈ ವಿವೇಕವು ಹೇಗೆ ಕಾಣಿಸುತ್ತದೆ? ಇಡೀ ಆವರಣವನ್ನು ಅಪಾಯದ ವಲಯ, ಸುರಕ್ಷಿತ ವಲಯವೆಂದು ಬೇಲಿ ಹಾಕಿ ವಿಂಗಡಿಸುತ್ತಾರೆ. ಒಳಗೆ ಒಬ್ಬರೇ ಹೋಗುವಂತಿಲ್ಲ, ಇಬ್ಬರಿರಬೇಕು. ಹೋಗುವ ಮೊದಲು ಒಬ್ಬರ ಉಡುಪನ್ನು ಇನ್ನೊಬ್ಬರು ಪರೀಕ್ಷಿಸುತ್ತಾರೆ. ಎರಡು ಜೊತೆ ಕೈಗವಸು, ಮೈಮುಚ್ಚುವ ಉಡುಪು, ಏಪ್ರನ್, ಮುಖಗವಸು, ಕಣ್ಣಿಗೆ ಕನ್ನಡಕ, ಕಾಲಿಗೆ ರಬ್ಬರ್ ಬೂಟು. ಮುಖ ಕಾಣದ್ದರಿಂದ ಏಪ್ರನ್ನಿನ ಮೇಲೆ ಹೆಸರು ಬರೆದುಕೊಳ್ಳುತ್ತಾರೆ. ಆಫ್ರಿಕಾದ ಬಿಸಿಲಿನಲ್ಲಿ ಆ ಉಡುಪಿನೊಳಗೆ ಒಂದು ಗಂಟೆಯ ಕೆಲಸವೇ ಬಹಳ, ಬೂಟಿನೊಳಗೆ ಬೆವರು ಮಡುಗಟ್ಟುತ್ತದೆ. ಒಳಗಿನ ಕಾಗದ ಹೊರಗೆ ಬರುವಂತಿಲ್ಲವಾಗಿ ರೋಗಿಗಳ ವಿವರಗಳನ್ನು ಬೇಲಿಯ ಆಚೆಗೆ ಕೂಗಿ ಹೇಳುವುದೂ ಉಂಟು. ಹೊರಬರುವಾಗ ಕ್ಲೋರಿನ್ ನೀರಿನ ಸಿಂಪಡಣೆ, ಒಂದೊಂದು ಉಡುಪು ಕಳಚಿದಾಗಲೂ ಕೈ ತೊಳೆಯುವುದು. ಎಲ್ಲಕ್ಕಿಂತ ಅಪಾಯದ ಗಳಿಗೆ ಉಡುಪು ಕಳಚುವ ಈ ಗಳಿಗೆಯೇ. ದಣಿದ ಕೈ ಒಮ್ಮೆ ಅರಿವಿಲ್ಲದೆ ಮುಖ ಮುಟ್ಟಿದರೆ ಸಾಕು.

ಇಷ್ಟೆಲ್ಲ ಮಾಡಿ ಒಳಹೋದ ದಾದಿ ಮಾಡುವುದೇನು? ನೀರು ಕುಡಿಸುವುದು, ಭೇದಿಯಾದವರನ್ನು ಶುಚಿ ಮಾಡುವುದು, ಹಾಸಿಗೆ ಬದಲಿಸುವುದು, ರಕ್ತನಾಳಕ್ಕೆ ದ್ರವ ಹಾಯಿಸುವುದು, ಗಂಜಿ ತಿನ್ನಿಸುವುದು, ಸಾಯುವವನ ಕೈ ಹಿಡಿಯುವುದು. ಇವು ಅಲ್ಪ ಕೆಲಸಗಳೆಂದು ಯಾರೂ ತಿಳಿಯಬಾರದು. ಈ ರೋಗದಲ್ಲಿ ದೇಹದಿಂದ ದಿನವೊಂದಕ್ಕೆ ಹಲವಾರು ಲೀಟರ್ ದ್ರವ ಹರಿದುಹೋಗುತ್ತದೆ. ಅದನ್ನು ತುಂಬಿಕೊಡದಿದ್ದರೆ ರೋಗಿ ಬದುಕುವುದು ಕಷ್ಟ. 2014 ಮತ್ತು 2015ರಲ್ಲಿ ಅಮೆರಿಕ ಮತ್ತು ಯೂರೋಪಿನ ಆಸ್ಪತ್ರೆಗಳಲ್ಲಿ ಒಟ್ಟು 27 ಎಬೋಲಾ ರೋಗಿಗಳು ಚಿಕಿತ್ಸೆ ಪಡೆದರು. ಸತ್ತವರು ಐವರು. ಅದೇ ರೋಗ ಪಶ್ಚಿಮ ಆಫ್ರಿಕಾದ ಕಿಕ್ಕಿರಿದ ಕೇಂದ್ರಗಳಲ್ಲಿ ರೋಗಿಗಳ ಅರ್ಧಕ್ಕಿಂತ ಹೆಚ್ಚು ಮಂದಿಯನ್ನು ಕೊಂಡೊಯ್ದಿತು. ಪ್ರಯೋಗದ ಹಂತದ ಕೆಲವು ಔಷಧಗಳನ್ನು ಆ 27 ಮಂದಿಯಲ್ಲಿ ಅನೇಕರಿಗೆ ಕೊಟ್ಟದ್ದು ನಿಜ. ಆದರೆ ಹಾಸಿಗೆಯ ಪಕ್ಕದಲ್ಲಿ ಹಗಲಿರುಳು ಇದ್ದ ದಾದಿಯರ ಸಂಖ್ಯೆ, ಕ್ಷಣಕ್ಷಣಕ್ಕೂ ಅಳೆದು ತುಂಬಿದ ದ್ರವ, ಇವೇ ದೊಡ್ಡ ಭೇದವೆಂದು ಬಲ್ಲವರು ಹೇಳುತ್ತಾರೆ. ಶುಶ್ರೂಷೆಯು ಚಿಕಿತ್ಸೆಯ ಸಹಾಯಕಿಯಲ್ಲ, ಎಷ್ಟೋ ಸಲ ಅದೇ ಚಿಕಿತ್ಸೆ.

ಗುಲುವಿನ ದಾದಿಯರ ಪ್ರಶ್ನೆ

ಈಗ ಕಠಿಣವಾದ ಪ್ರಶ್ನೆಗೆ ಬರೋಣ. ನಿಯಮವಿದ್ದೂ ಅಪಾಯ ಉಳಿದಾಗ ದಾದಿ ಏನು ಮಾಡಬೇಕು? 2000ದ ಅಕ್ಟೋಬರ್‌ನಲ್ಲಿ ಉಗಾಂಡಾ ದೇಶದ ಗುಲು ಪ್ರದೇಶದಲ್ಲಿ ಎಬೋಲಾ ಕಾಣಿಸಿತು. ಅಲ್ಲಿನ ಲಾಚೋರ್ ಎಂಬಲ್ಲಿರುವ ಸಂತ ಮೇರಿ ಆಸ್ಪತ್ರೆ ಕೊಂಬೋನಿ ಮಿಷನರಿಗಳು 1959ರಲ್ಲಿ ಆರಂಭಿಸಿದ ಕಥೋಲಿಕ ಆಸ್ಪತ್ರೆ. ಅದರ ಮುಖ್ಯ ವೈದ್ಯ ಮ್ಯಾಥ್ಯೂ ಲುಕ್ವಿಯಾ ಅವರು ಪ್ರೊಟೆಸ್ಟೆಂಟ್ ಪಂಗಡದವರು. ಸುದ್ದಿ ತಿಳಿದೊಡನೆ ಕಂಪಾಲಾದಿಂದ ಹಿಂದಿರುಗಿದ ಅವರು ರೋಗಿಗಳ ದಾಖಲೆಗಳನ್ನು ನೋಡಿ ರೋಗವನ್ನು ಊಹಿಸಿ, ಪ್ರಯೋಗಾಲಯದ ಉತ್ತರ ಬರುವ ಮೊದಲೇ ಪ್ರತ್ಯೇಕ ವಾರ್ಡನ್ನು ತೆರೆದರು. ಸ್ವಇಚ್ಛೆಯಿಂದ ಮುಂದೆ ಬಂದ ದಾದಿಯರು ಅಲ್ಲಿ ಕೆಲಸಕ್ಕೆ ನಿಂತರು.

ಆದರೂ ದಾದಿಯರು ಸಾಯತೊಡಗಿದರು. ನವೆಂಬರ್ ಕೊನೆಗೆ ಸಿಬ್ಬಂದಿಯೆಲ್ಲ ಶುಶ್ರೂಷಾ ಶಾಲೆಯ ಸಭಾಂಗಣದಲ್ಲಿ ಸೇರಿ, ಇನ್ನು ಸಾಧ್ಯವಿಲ್ಲವೆಂದರು. ಅವರನ್ನು ಹೇಡಿಗಳೆನ್ನಲು ನಮಗಾರಿಗೂ ಅಧಿಕಾರವಿಲ್ಲ. ವಾರಗಟ್ಟಲೆ ಸ್ನೇಹಿತೆಯರ ಶವಗಳನ್ನು ಕಟ್ಟಿದವರು ಅವರು. ಡಾಕ್ಟರ್ ಲುಕ್ವಿಯಾ ಅವರನ್ನು ಗದರಿಸಲಿಲ್ಲ, ನರಕದ ಭಯ ತೋರಿಸಲಿಲ್ಲ. ಅವರ ಮಾತನ್ನು ಕೇಳಿದರು. ಹೋಗಬಯಸುವವರು ಹೋಗಬಹುದು, ತಾವು ಮಾತ್ರ ಉಳಿಯುವುದಾಗಿ ಹೇಳಿದರು. ದಾದಿಯರು ವಾರ್ಡಿಗೆ ಹಿಂದಿರುಗಿದರು.

ಆ ಹೊತ್ತಿಗಾಗಲೇ ಅವರ ದೇಹದಲ್ಲಿ ರೋಗವಿತ್ತು. ಕೆಲವು ದಿನಗಳ ಹಿಂದೆ ರೋಗಗ್ರಸ್ತನಾದ ದಾದಿಯೊಬ್ಬನು ರಕ್ತ ಕಾರುತ್ತ ಒದ್ದಾಡುತ್ತಿದ್ದಾಗ ಅವರು ನೆರವಿಗೆ ಧಾವಿಸಿದ್ದರು. ಕೈಗವಸು, ಮುಖಗವಸು ಇದ್ದವು, ಕಣ್ಣಿನ ರಕ್ಷಣೆ ಮಾತ್ರ ಇರಲಿಲ್ಲ. ಡಿಸೆಂಬರ್ 5ರಂದು ಅವರು ತೀರಿಕೊಂಡರು. ಅವರನ್ನೂ ಸೇರಿಸಿ ಆ ಆಸ್ಪತ್ರೆಯ 13 ಮಂದಿ ಪ್ರಾಣ ತೆತ್ತರು. ಆ ಪ್ರದೇಶದಲ್ಲಿ ಒಟ್ಟು 425 ಮಂದಿಗೆ ರೋಗ ತಗುಲಿ 224 ಮಂದಿ ಸತ್ತರು. ಆಸ್ಪತ್ರೆಯ ಬಾಗಿಲು ಮಾತ್ರ ಮುಚ್ಚಲಿಲ್ಲ.

ಈ ಘಟನೆಯಲ್ಲಿ ನಮಗೊಂದು ಸ್ಪಷ್ಟವಾದ ತತ್ತ್ವ ದೊರೆಯುತ್ತದೆ. ತ್ಯಾಗವು ಕೊಡುವ ವಸ್ತು, ಕಿತ್ತುಕೊಳ್ಳುವ ವಸ್ತುವಲ್ಲ. ಸಂತ ಕಮಿಲ್ಲಸರ ಸಭೆಯವರು ಪ್ರಾಣಾಪಾಯವಿದ್ದರೂ ರೋಗಿಗಳನ್ನು ಸೇವಿಸುವೆವೆಂದು ಪ್ರತ್ಯೇಕ ವ್ರತವನ್ನೇ ಸ್ವೀಕರಿಸುತ್ತಾರೆ. ಅದು ಅವರು ತಾವಾಗಿ ದೇವರಿಗೆ ಕೊಟ್ಟ ಮಾತು. ಆದರೆ ತಿಂಗಳ ಸಂಬಳಕ್ಕೆ ದುಡಿಯುವ, ಮನೆಯಲ್ಲಿ ಎಳೆಯ ಮಗುವಿರುವ ದಾದಿಯಿಂದ ಹರಿದ ಕೈಗವಸು ಕೊಟ್ಟು ವೀರತ್ವವನ್ನು ಬಯಸುವುದು ನ್ಯಾಯವಲ್ಲ. ತಾನು ಉಳಿದು ಇತರರನ್ನು ಉಳಿಯಿರೆಂದು ಕೇಳಿದ ಲುಕ್ವಿಯಾ ಅವರಿಗೆ ಹಾಗೆ ಕೇಳುವ ಅಧಿಕಾರವಿತ್ತು. ಸುರಕ್ಷಿತವಾದ ಕೋಣೆಯಲ್ಲಿ ಕುಳಿತು ಭಾಷಣ ಮಾಡುವವರಿಗೆ ಅದಿಲ್ಲ.

ಎರಡು ಬೆಳ್ಳಿ ನಾಣ್ಯ

ದಯಾವಂತ ಸಮಾರಿಯದವನ ಸಾಮತಿಯನ್ನು ನಾವು ಅದೆಷ್ಟು ಸಲ ಕೇಳಿಲ್ಲ! ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿದ್ದು ನಮಗೆಲ್ಲ ನೆನಪಿದೆ. ಅದರ ಕೊನೆಯ ಭಾಗ ಅಷ್ಟಾಗಿ ನೆನಪಿನಲ್ಲಿ ನಿಲ್ಲುವುದಿಲ್ಲ. ಆತನು ಗಾಯಾಳುವನ್ನು ಛತ್ರದವನಿಗೆ ಒಪ್ಪಿಸಿ ಎರಡು ನಾಣ್ಯಗಳನ್ನು ಎಣಿಸಿಕೊಟ್ಟನು, ಹೆಚ್ಚು ಖರ್ಚಾದರೆ ಹಿಂದಿರುಗುವಾಗ ತೀರಿಸುವೆನೆಂದೂ ಹೇಳಿದನು. ಶುಶ್ರೂಷೆ ಮಾಡಬೇಕಾದ ಆ ಛತ್ರದವನಿಗೆ ಸೇವೆಯ ಉಪದೇಶ ಕೊಟ್ಟು ಬರಿಗೈಯಲ್ಲಿ ಬಿಟ್ಟುಹೋಗಲಿಲ್ಲ. ಕರುಣೆಯಲ್ಲಿ ಲೆಕ್ಕವೂ ಸೇರಿದೆ. ಆ ಎರಡು ನಾಣ್ಯಗಳೇ ಇಂದಿನ ಕೈಗವಸು, ವಿಶ್ರಾಂತಿಯ ದಿನ, ತಕ್ಕ ಸಂಬಳ, ರೋಗ ತಗುಲಿದರೆ ಚಿಕಿತ್ಸೆಯ ಭರವಸೆ.

ಈ ಲೆಕ್ಕವನ್ನು ಮರೆತರೆ ಏನಾಗುತ್ತದೆಂಬುದನ್ನು ಪಶ್ಚಿಮ ಆಫ್ರಿಕಾ ತೋರಿಸಿತು. 2014ರಿಂದ 2016ರವರೆಗೆ ಅಲ್ಲಿ 28,600ಕ್ಕೂ ಹೆಚ್ಚು ಮಂದಿಗೆ ರೋಗ ತಗುಲಿ 11,300ಕ್ಕೂ ಹೆಚ್ಚು ಮಂದಿ ಸತ್ತರು. ಆರೋಗ್ಯ ಸೇವಕರಿಗೆ ರೋಗ ತಗುಲುವ ಸಂಭವ ಇತರರಿಗಿಂತ 21ರಿಂದ 32 ಪಟ್ಟು ಹೆಚ್ಚಾಗಿತ್ತೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಲೆಕ್ಕ ಹಾಕಿತು. ಹಾಗೆ ರೋಗ ತಗುಲಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ದಾದಿಯರು ಮತ್ತು ಅವರ ಸಹಾಯಕರು. ಲೈಬೀರಿಯಾದ ಸಲೋಮಿ ಕಾರ್ವಾ ಎಂಬಾಕೆ ರೋಗದಿಂದ ಗುಣವಾದ ಮೇಲೆ ಅದೇ ಚಿಕಿತ್ಸಾ ಕೇಂದ್ರದಲ್ಲಿ ಇತರ ರೋಗಿಗಳ ಸೇವೆಗೆ ನಿಂತರು. ಟೈಮ್ ಪತ್ರಿಕೆ 2014ರ ವರ್ಷದ ವ್ಯಕ್ತಿಗಳಲ್ಲಿ ಅವರನ್ನೂ ಒಬ್ಬರೆಂದು ಗೌರವಿಸಿತು. 2017ರಲ್ಲಿ ಹೆರಿಗೆಯ ಅನಂತರ ಅವರು ತೀರಿಕೊಂಡರು. ಎಬೋಲಾದಿಂದ ಬದುಕಿದವಳೆಂಬ ಭಯದಿಂದ ಆಸ್ಪತ್ರೆಯವರು ಅವರನ್ನು ಮುಟ್ಟಲು ಹಿಂಜರಿದರೆಂದು ಕುಟುಂಬದವರು ನೊಂದು ಹೇಳಿದರು. ಜಗತ್ತೇ ಹೊಗಳಿದ ಕೈಯನ್ನು ಹಿಡಿಯಲು ಕೊನೆಗೆ ಕೈಗಳು ಸಾಲಲಿಲ್ಲ.

ಈಗ ಸ್ಥಿತಿ ಸುಧಾರಿಸಿದೆ. ಎಬೋಲಾದ ಜೈರೆ ಪ್ರಭೇದಕ್ಕೆ ಲಸಿಕೆಯಿದೆ. 2019ರಲ್ಲಿ ಕಾಂಗೋದಲ್ಲಿ ನಡೆದ ಪ್ರಯೋಗದಲ್ಲಿ ಎರಡು ಔಷಧಗಳು ಫಲಕಾರಿಯೆಂದು ಕಂಡುಬಂದಿವೆ. ಆದರೆ ಆ ಲಸಿಕೆಯು ಸುಡಾನ್ ಪ್ರಭೇದಕ್ಕೆ ನಾಟುವುದಿಲ್ಲ. 2025ರ ಜನವರಿಯಲ್ಲಿ ಕಂಪಾಲಾ ನಗರದಲ್ಲಿ ಆ ಪ್ರಭೇದ ಕಾಣಿಸಿದಾಗ ಮೊದಲು ಗುರುತಾದ ಬಲಿ ಯಾರು? ಒಬ್ಬ ದಾದಿ. ಅರ್ಧ ಶತಮಾನದ ಅನಂತರವೂ ಮುಂದಿನ ಸಾಲು ಅದೇ ಸಾಲು.

ಇದು ದೂರದ ಖಂಡದ ಮಾತೆಂದು ನಾವು ಸಮಾಧಾನಪಡುವಂತಿಲ್ಲ. ನೂರು ವರ್ಷಗಳಿಗೂ ಹಿಂದೆ ಪ್ಲೇಗ್ ನಮ್ಮ ಕರಾವಳಿಗೆ ಬಂದಾಗ ಕಂಕನಾಡಿಯಲ್ಲಿ ಜರ್ಮನಿಯ ಯೇಸುಸಭೆಯ ಗುರು ಆಗಸ್ಟಸ್ ಮುಲ್ಲರ್ ಅವರು ಪ್ಲೇಗ್ ರೋಗಿಗಳಿಗಾಗಿ ಆಸ್ಪತ್ರೆ ತೆರೆದರು. 2018ರ ಮೇ ತಿಂಗಳಲ್ಲಿ ನೆರೆಯ ಕೇರಳದ ಕೋಳಿಕ್ಕೋಡ್ ಜಿಲ್ಲೆಯಲ್ಲಿ ನಿಪಾ ರೋಗ ಕಾಣಿಸಿತು. ಮೊದಲ ರೋಗಿಯ ಶುಶ್ರೂಷೆ ಮಾಡಿದ ಪೇರಾಂಬ್ರ ತಾಲೂಕು ಆಸ್ಪತ್ರೆಯ ದಾದಿ ಲಿನಿ ಅವರು ಇಬ್ಬರು ಎಳೆಯ ಮಕ್ಕಳನ್ನು ಬಿಟ್ಟು ಮೇ 21ರಂದು ತೀರಿಕೊಂಡರು. ಆ ಶುಶ್ರೂಷೆಯ ಹೊತ್ತಿನಲ್ಲಿ ಅದು ನಿಪಾ ಎಂದು ಯಾರಿಗೂ ತಿಳಿದಿರಲಿಲ್ಲ. ಆದುದರಿಂದಲೇ ರಕ್ಷಣೆಯ ಕ್ರಮ ರೋಗದ ಹೆಸರು ತಿಳಿದ ಮೇಲೆ ಆರಂಭವಾಗತಕ್ಕದ್ದಲ್ಲ. ಅದು ಪ್ರತಿದಿನದ, ಪ್ರತಿಯೊಂದು ವಾರ್ಡಿನ ಅಭ್ಯಾಸವಾಗಿರಬೇಕು.

ಹಾಗಾದರೆ ನಮ್ಮ ಕುಟುಂಬಗಳು ಮಾಡಬಹುದಾದದ್ದೇನು? ಮಗಳನ್ನು ಶುಶ್ರೂಷಾ ಶಾಲೆಗೆ ಕಳುಹಿಸುವಾಗ ಶುಲ್ಕವನ್ನಷ್ಟೇ ವಿಚಾರಿಸದೆ, ರೋಗ ಹರಡದಂತೆ ಕೆಲಸ ಮಾಡುವ ಕ್ರಮವನ್ನು ಅಲ್ಲಿ ಕೈಯಿಂದ ಮಾಡಿಸಿ ಕಲಿಸುತ್ತಾರೆಯೇ ಎಂದು ವಿಚಾರಿಸೋಣ. ಆಸ್ಪತ್ರೆಗಳ ಆಡಳಿತ ಮಂಡಳಿಗಳಲ್ಲಿ ನಮ್ಮವರಿದ್ದರೆ, ಹೊಸ ಕಟ್ಟಡದ ಲೆಕ್ಕಕ್ಕಿಂತ ಮೊದಲು ಒಬ್ಬ ದಾದಿಗೆ ಎಷ್ಟು ಹಾಸಿಗೆಗಳೆಂಬ ಲೆಕ್ಕವನ್ನು ಅವರು ಕೇಳಲಿ. ಪಾಳಿ ಮುಗಿಸಿ ಬಂದ ದಾದಿ ನಮ್ಮ ನೆರೆಮನೆಯಲ್ಲಿದ್ದರೆ ಆಕೆಯ ಬಾಗಿಲ ಬಳಿ ಅನ್ನದ ಪಾತ್ರೆ ಇಡುವ ಕೈ ನಮ್ಮದಾಗಲಿ. ದೂರದ ಊರಿನಿಂದ ಮಗಳು ಫೋನ್ ಮಾಡಿದಾಗ, ಹಣ ಬಂತೆಂದು ಹೇಳುವುದಕ್ಕೆ ಮೊದಲು, ನಿನಗೆ ನಿದ್ದೆ ಸಾಕಾಗುತ್ತಿದೆಯೇ, ಕೈಗವಸು ಸಾಕಷ್ಟು ಸಿಗುತ್ತಿದೆಯೇ ಎಂದು ಕೇಳೋಣ.

ಪ್ರತಿ ವರ್ಷ ಮೇ 12ರಂದು, ಫ್ಲಾರೆನ್ಸ್ ನೈಟಿಂಗೇಲ್ ಅವರ ಜನ್ಮದಿನದಂದು, ದಾದಿಯರ ದಿನವನ್ನು ಆಚರಿಸಲಾಗುತ್ತದೆ. ಅಂದು ಅವರ ಕೈಗೆ ಹೂವು ಕೊಡುವುದು ಒಳ್ಳೆಯದು, ಬಲಿಪೂಜೆಯಲ್ಲಿ ಅವರಿಗಾಗಿ ಪ್ರಾರ್ಥಿಸುವುದು ಇನ್ನೂ ಒಳ್ಳೆಯದು. ಕಿಕ್ವಿಟ್‌ನ ಆರು ಭಗಿನಿಯರನ್ನೂ, ಹೆಸರು ತಿಳಿಯದ ಅವರ ಜೊತೆಗಾರರನ್ನೂ ಆ ಪ್ರಾರ್ಥನೆಯಲ್ಲಿ ಸೇರಿಸೋಣ. ಆದರೆ ದಾದಿಯರು ಹುತಾತ್ಮರಾಗಲೆಂದು ನಾವು ಪ್ರಾರ್ಥಿಸುವುದು ಬೇಡ. ಅವರು ಪಾಳಿ ಮುಗಿಸಿ ಕ್ಷೇಮವಾಗಿ ಮನೆಗೆ ಬರಲೆಂದು ಪ್ರಾರ್ಥಿಸೋಣ, ಹಾಗೆ ಬರಲು ಬೇಕಾದ ಎರಡು ನಾಣ್ಯಗಳನ್ನು ನಾವೇ ಎಣಿಸಿಕೊಡೋಣ.